ಸುಡಲು ಕೊಟ್ಟ ಕಾಗದ

ಪ್ರೀತಿಯ ತಂಗಿ,

ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಓವರ್‌ಟೈಮ್ ದುಡ್ಡು ಕೊಡದವರ ಮೇಲೆ ನಿನಗಿರುವ ಸಿಟ್ಟು ನನಗೂ ಬಂತು. ಆದರೆ ಎಷ್ಟು ಗಂಟೆ, ಎಷ್ಟು ದುಡ್ಡು ಅಂತ ಎಲ್ಲೂ ಇಲ್ಲ. ಅದಕ್ಕೇ ಹಳೇ ಕಾಲದ ಪತ್ರಕರ್ತೆ ಐಡಾ ಟಾರ್ಬೆಲ್ ನೆನಪಾದಳು.

ಆಕೆ ಬೆಳೆದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಎಣ್ಣೆ ಬಾವಿಗಳ ನಡುವೆ. ಅಪ್ಪ ಎಣ್ಣೆ ತುಂಬುವ ಮರದ ತೊಟ್ಟಿ ಮಾಡುತ್ತಿದ್ದರು. 1872ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಎಂಬ ಎಣ್ಣೆ ಕಂಪನಿಯ ಮುಖ್ಯಸ್ಥ ರಾಕ್‌ಫೆಲರ್ ಕಡೆಯವರು ರೈಲ್ವೆ ಕಂಪನಿಗಳ ಜೊತೆ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡರು. ತಮ್ಮ ಎಣ್ಣೆ ಸಾಗಿಸಲು ರಿಯಾಯಿತಿ. ಅಷ್ಟೇ ಅಲ್ಲ, ಬೇರೆಯವರು ಕಟ್ಟುವ ಬಾಡಿಗೆಯಲ್ಲೂ ಪಾಲು! ಊರೂರು ರೊಚ್ಚಿಗೆದ್ದು ಆ ಒಪ್ಪಂದ ಮುರಿದುಬಿತ್ತು. ಆಗ ಆಕೆಗೆ 14 ವರ್ಷ.

ಅಂಥವಳಿಗೆ ಸಿಟ್ಟು ಕಮ್ಮಿ ಇತ್ತಾ? ಆದರೂ 1902ರ ನವೆಂಬರ್‌ನಿಂದ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಬಗ್ಗೆ 19 ಕಂತು ಬರೆದಾಗ ಕೋರ್ಟಿನ ಸಾಕ್ಷ್ಯ, ಸರ್ಕಾರಿ ವಿಚಾರಣೆಯ ವರದಿ, ಸಾಗಣೆ ದರ, ಇವನ್ನೇ ಮುಂದಿಟ್ಟಳು. ಕಂಪನಿಯ ದೊಡ್ಡ ಅಧಿಕಾರಿ ಹೆನ್ರಿ ರೋಜರ್ಸ್ ಅವರನ್ನು ಮತ್ತೆ ಮತ್ತೆ ಭೇಟಿಯಾಗಿ ಅವರ ವಾದವನ್ನೂ ಕೇಳಿದಳು. ಕಂಪನಿ ಜಾಣತನದಿಂದ ಮಾಡಿದ ಕೆಲಸವನ್ನು ಹಾಗೆಂದೇ ಬರೆದಳು. ನಿನ್ನ ಲೇಖನದಲ್ಲಿ ಮ್ಯಾನೇಜರ್ ಮಾತೇ ಇಲ್ಲ. ಹೋಗಿ ಕೇಳಿದ್ದೀಯಾ?

ನನಗೆ ತುಂಬಾ ಇಷ್ಟದ ಸಂಗತಿ ಇನ್ನೊಂದಿದೆ. ಸ್ಟ್ಯಾಂಡರ್ಡ್ ಆಯಿಲ್‌ನ ಒಂದು ಕಡೆ ಪ್ರತಿ ತಿಂಗಳು ಹಳೇ ಕಾಗದ ಸುಡುವುದು ಒಬ್ಬ ಹುಡುಗನ ಕೆಲಸ. ಒಂದು ದಿನ ಅದರಲ್ಲಿ ತನಗೆ ಭಾನುವಾರ ಬೈಬಲ್ ಪಾಠ ಹೇಳಿಕೊಡುತ್ತಿದ್ದವರ ಹೆಸರು ಕಂಡಿತು. ಅವರು ಸ್ವಂತವಾಗಿ ಎಣ್ಣೆ ವ್ಯಾಪಾರ ಮಾಡುತ್ತಿದ್ದವರು. ಅವರ ಸರಕು ಯಾವಾಗ, ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ರೈಲ್ವೆಯವರೇ ಕಂಪನಿಗೆ ತಿಳಿಸುತ್ತಿದ್ದರು. ಹುಡುಗ ಆ ಕಾಗದ ಅವರಿಗೆ ಕೊಟ್ಟ, ಅವರು ಟಾರ್ಬೆಲ್‌ಗೆ ತಂದುಕೊಟ್ಟರು. ಸುಮ್ನೆ ಯಾರೂ ಇಂಥದ್ದನ್ನು ತಂದು ಕೊಡುವುದಿಲ್ಲ. ಅಷ್ಟರಲ್ಲಿ ಬಂದಿದ್ದ ಕಂತುಗಳನ್ನು ಓದಿ ಅವರಿಗೆ ನಂಬಿಕೆ ಹುಟ್ಟಿತ್ತು.

ಅದು ಅಚ್ಚಾದ ಮೇಲೆ ರೋಜರ್ಸ್ ಕೆಂಡವಾದರು. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಆಕೆ ಬಾಯಿ ಬಿಡಲಿಲ್ಲ. ಭೇಟಿ ಅಲ್ಲಿಗೆ ನಿಂತಿತು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯಬೇಕೆಂದು ತೀರ್ಪು ಕೊಟ್ಟಿತು.

ನೀನೋ, ನಿನಗೆ ವಿಷಯ ಹೇಳಿದ ಮೂವರು ಹೆಂಗಸರ ಹೆಸರನ್ನೂ ಅವರ ಬೀದಿಯನ್ನೂ ಬರೆದುಬಿಟ್ಟಿದ್ದೀಯ. ಮೊದಲು ಅದನ್ನು ಹೊಡೆದುಹಾಕು. ಆಮೇಲೆ ಅವರ ಮನೆಗೆ ಹೋಗು. ಆರು ತಿಂಗಳ ಸಂಬಳ ಚೀಟಿ ಇದೆಯಾ ಕೇಳು. ಫೋಟೋ ತೆಗೆಯುವಾಗ ಹೆಸರಿನ ಮೇಲೆ ಬೆರಳಿಟ್ಟುಕೋ. ಶನಿವಾರ ನಮ್ಮ ಮನೆಗೆ ಬಾ, ಇಬ್ಬರೂ ಕೂತು ಗಂಟೆ ಲೆಕ್ಕ ಹಾಕೋಣ.

ನಿನ್ನ ಅಕ್ಕ