ಕಾಯಿಗಿರುವ ಪರೀಕ್ಷೆ ಬಾವಿ ನೀರಿಗೂ ಇರಲಿ

ಮಾನ್ಯ ಸಂಪಾದಕರೇ,

ಆಹಾರ ಸಂಸ್ಕರಣೆಯಲ್ಲಿ ನೂರಕ್ಕೆ ನೂರು ವಿದೇಶಿ ಬಂಡವಾಳ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕಿಲ್ಲ. ಆ ಬಂಡವಾಳವಾಗಲಿ, ಹೊರದೇಶದ ಬೇಡಿಕೆಯಾಗಲಿ ಹಾಸನ ಜಿಲ್ಲೆಯ ಹೊಲಕ್ಕೆ ಇಳಿಯುವುದು ರಫ್ತು ಕಂಪನಿಗಳು ರೈತರೊಂದಿಗೆ ಮಾಡಿಕೊಳ್ಳುವ ಮಿಡಿ ಸೌತೆಯ (ಗರ್ಕಿನ್) ಒಪ್ಪಂದದ ಮೂಲಕ. ಬಿತ್ತಿದ 35 ದಿನದ ಸುಮಾರಿಗೆ ಕೊಯ್ಲು, ಮೂರು ತಿಂಗಳಿಗೆ ಬೆಳೆ ಮುಗಿಯಿತು. ಸಣ್ಣ ರೈತರ ಕೈಗೆ ಇದರಿಂದ ಕಾಸು ಸಿಕ್ಕಿದೆ, ಅಲ್ಲಗಳೆಯುವುದಿಲ್ಲ. ನಮ್ಮ ಆತಂಕ ಕಾಯಿ ಹಡಗು ಹತ್ತಿದ ಮೇಲೆ ಇಲ್ಲೇ ಉಳಿಯುವ ಉಪ್ಪಿನದು.

ಮಿಡಿ ಕೆಡದಂತೆ ಕಾರ್ಖಾನೆಯಲ್ಲಿ ಉಪ್ಪುನೀರು, ವಿನೆಗರ್ ತುಂಬಿದ ಡ್ರಮ್ಮುಗಳಲ್ಲಿ ಇಡುತ್ತಾರೆ. ಲೀಟರಿಗೆ 100 ಗ್ರಾಂ ಉಪ್ಪು ಎಂದುಕೊಂಡರೆ ಅದು ಸಮುದ್ರದ ನೀರಿನ ಹತ್ತಿರಹತ್ತಿರ ಮೂರು ಪಟ್ಟು. ಬೇರೆ ಮೂಲವಿಲ್ಲದಿದ್ದಾಗ ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 2,000 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಮಟ್ಟಕ್ಕೆ ಇಳಿಸಲು ಒಂದು ಲೀಟರ್ ಉಪ್ಪುನೀರಿಗೆ ಲವಣವೇ ಇಲ್ಲದ 49 ಲೀಟರ್ ನೀರು ಬೆರೆಸಬೇಕು! ಸಾಮಾನ್ಯ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ, ಉಪ್ಪನ್ನಲ್ಲ. ಉಪ್ಪು ಹೆಚ್ಚಾದರೆ ಅವೇ ಸಾಯುತ್ತವೆ. ಉಳಿದ ದಾರಿಯೆಂದರೆ ಯಂತ್ರದಲ್ಲಿ ಕುದಿಸಿ ಆವಿ ಮಾಡುವುದು, ಇಲ್ಲವೇ ಪ್ಲಾಸ್ಟಿಕ್ ಹಾಳೆ ಹಾಸಿದ ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸುವುದು. ತೊಟ್ಟಿ ಅಗ್ಗ. ಆದರೆ ಮಳೆಗಾಲದಲ್ಲಿ ಆವಿಯಾಗುವುದು ಕಡಿಮೆ, ಬಂದು ಸೇರುವ ನೀರೇ ಹೆಚ್ಚು. ಮೇಲೆ ಸೂರಿಲ್ಲದಿದ್ದರೆ ತುಂಬಿ ಹಳ್ಳಕ್ಕೆ ಹರಿಯುತ್ತದೆ. ಹಾಳೆಯ ಬೆಸುಗೆ ಬಿಟ್ಟಿದ್ದರೆ ಸದ್ದಿಲ್ಲದೆ ಅಂತರ್ಜಲಕ್ಕೆ ಇಳಿಯುತ್ತದೆ.

ಹೀಗೆ ಉಪ್ಪು ಸೇರಿದ ಬಾವಿಯ ನೀರು ಹಾಯಿಸಿದ ಹೊಲ ಒಣಗಿದಾಗ ಪಾತಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮೊದಲು ಸೋಲುವುದು ಬೀನ್ಸ್: ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ಸೋಡಿಯಂ ಸೇರಿದಷ್ಟೂ ಜೇಡಿಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸಂದುಗಳನ್ನು ಮುಚ್ಚುವುದರಿಂದ ಮಳೆ ಬಂದರೂ ನೀರು ಇಂಗುವುದಿಲ್ಲ. ಜಿಪ್ಸಂ ಹಾಕಿ ಸಿಹಿನೀರಿನಿಂದ ತೊಳೆಯುವುದೇ ಮುಖ್ಯ ಪರಿಹಾರ. ಕೊಳವೆಬಾವಿಯನ್ನೇ ನೆಚ್ಚಿರುವ ಅರಸೀಕೆರೆ ಕಡೆಯ ರೈತರು ಅಷ್ಟು ಸಿಹಿನೀರು ಎಲ್ಲಿಂದ ತರಬೇಕು?

ಔಷಧಿಯದೂ ಇದೇ ಕಥೆ. ಬೂಜು ರೋಗಕ್ಕೆ ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದು. ಮಿಡಿಯೋ ಒಂದು ದಿನ ಬಿಟ್ಟರೂ ದಪ್ಪವಾಗಿ ದರ್ಜೆ ಇಳಿಯುತ್ತದೆ. ಯುರೋಪಿಗೆ ಹೋಗುವ ಕಾಯಿಯಲ್ಲಿ ಔಷಧಿಯ ಶೇಷ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅದೇ ಹೊಲದ ಮಣ್ಣು, ಪಕ್ಕದ ಬಾವಿ ನೀರು ಪರೀಕ್ಷಿಸಬೇಕೆಂಬ ಷರತ್ತು ನಾವು ನೋಡಿದ ಒಪ್ಪಂದಗಳಲ್ಲಿಲ್ಲ. ಬಳ್ಳಿ ಹಬ್ಬಿಸಿದ ಪ್ಲಾಸ್ಟಿಕ್ ದಾರ, ಹೊದಿಕೆ ಹಾಳೆ ಕಂಪನಿ ವಾಪಸ್ ಒಯ್ಯಬೇಕೆಂಬ ಷರತ್ತೂ ಇಲ್ಲ.

ಕಾರ್ಖಾನೆಯ ಅನುಮತಿ ನವೀಕರಿಸುವ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿ ಸುತ್ತಲಿನ ಬಾವಿಗಳ ಲವಣಾಂಶವನ್ನು ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಅಳೆದು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. ಒಪ್ಪಂದದ ಪ್ರತಿ ಹೊಲದಲ್ಲೂ ಬಿತ್ತನೆಗೆ ಮುಂಚೆ, ಬೆಳೆ ತೆಗೆದ ಮೇಲೆ ಮಣ್ಣು ಪರೀಕ್ಷೆಯಾಗಲಿ. ಖರ್ಚು ಕಂಪನಿಯದಾಗಲಿ, ರೈತರ ದರದಲ್ಲಿ ಮುರಿದುಕೊಳ್ಳುವುದು ಬೇಡ. ಉಪ್ಪುನೀರಿನ ತೊಟ್ಟಿಗಳಿಗೆ ಮೇ ತಿಂಗಳೊಳಗೆ ಸೂರು ಹಾಕಿಸಲಿ.

– ಮಿಡಿ ಸೌತೆ ಬೆಳೆಗಾರರು, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ