ಗೆಳೆಯನಿಗೊಂದು ಪತ್ರ: ಪೆನ್ಸಿಲ್ಲಿನಲ್ಲಿ ಬರೆಯುವ ಆ ಪುಟ್ಟ ಅಂಕಿ

ಪ್ರೀತಿಯ ಗೆಳೆಯಾ,

ಕೆಲಸ ಬಿಟ್ಟು ಪೂರ್ತಿಯಾಗಿ ಮುದ್ರಣಕಲೆಗೆ ಇಳಿಯುತ್ತೇನೆ, ಮೊದಲು ಏನೇನು ಕೊಳ್ಳಲಿ ಎಂದು ಕೇಳಿದ್ದೀಯ. ಕೊಳ್ಳುವುದು ಕಡಿಮೆ, ಎಣಿಸುವುದು, ಕಾಯುವುದು, ಒರೆಸುವುದು ಜಾಸ್ತಿ. ಲಿನೋಕಟ್‌ನಿಂದ ಶುರು ಮಾಡು. ಲಿನೋಲಿಯಂ ಹಾಳೆಯನ್ನು ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುವ ಕ್ರಮ ಅದು. ಅದಕ್ಕೆ ಆಸಿಡ್ ಬೇಡ, ಪ್ರೆಸ್ಸೂ ಬೇಡ. ಗಟ್ಟಿಯಾದ ಒಂದು ಮೇಜು, ಗಾಳಿಯಾಡುವ ಕಿಟಕಿ, ಬಟ್ಟೆ ಒಣಹಾಕುವ ಹಗ್ಗ ಮತ್ತು ಕ್ಲಿಪ್ಪುಗಳು ಇದ್ದರೆ ನಡೆಯುತ್ತದೆ. ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸರು 1930ರಲ್ಲಿ ದಂಡಿಗೆ ಹೊರಟ ಗಾಂಧೀಜಿಯನ್ನು ಕೆತ್ತಿದ್ದು ಲಿನೋ ಹಲಗೆಯಲ್ಲೇ. ಕಪ್ಪು ನೆಲ, ಬಿಳಿ ಗೆರೆ, ಕೋಲು ಹಿಡಿದು ನಡೆಯುವ ಒಬ್ಬ ಮನುಷ್ಯ. ಅದರಲ್ಲಿ ಎಷ್ಟು ಕಡಿಮೆ ಕೆತ್ತಲಾಗಿದೆ ಎಂಬುದನ್ನು ಬಿಡುವು ಮಾಡಿಕೊಂಡು ನೋಡು.

ಮೊದಲೇ ಒಂದು ಮಾತು. ಅಚ್ಚಿನ ಕೆಳಗೆ ಎಡಮೂಲೆಯಲ್ಲಿ ನೀನು 3/20 ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತೀಯಲ್ಲ, ಅದು ಕೊಳ್ಳುವವರಿಗೆ ನೀನು ಕೊಡುವ ಮಾತು. ಇಂಥವು ಇಪ್ಪತ್ತೇ ಇವೆ, ಇಪ್ಪತ್ತೂ ಒಂದೇ ಗುಣದವು, ಇಪ್ಪತ್ತೊಂದನೆಯದು ಹುಟ್ಟುವುದಿಲ್ಲ ಎಂದು. ಕಾಗದ ಹರಿಯುವುದರಿಂದ ಹಿಡಿದು ಇನ್ನೊಬ್ಬರ ಜೊತೆ ಕೂಡಿ ಮಾಡುವವರೆಗೆ, ಕೆಳಗೆ ಬರೆದ ಪ್ರತಿಯೊಂದೂ ಆ ಮಾತನ್ನು ಉಳಿಸಿಕೊಳ್ಳುವ ದಾರಿ.

ಹಲಗೆಯ ವಿಷಯ. ಲಿನೋಲಿಯಂ ಅಂದರೆ ಅಗಸೆ ಎಣ್ಣೆಗೆ ಕಾರ್ಕ್ ಪುಡಿ, ಮರದ ಪುಡಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ ಹಾಳೆ. ನಮ್ಮ ಕೆಲಸಕ್ಕೆ 3.2 ಮಿ.ಮೀ. ದಪ್ಪದ್ದು ಸರಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದದ್ದು ಒಣಗಿ ಪುಡಿಪುಡಿಯಾಗುತ್ತದೆ; ಮೂಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡು, ಬಿರುಕು ಕಂಡರೆ ಬಿಟ್ಟುಬಿಡು. ಕೆತ್ತುವ ಮುಂಚೆ ಹತ್ತು ನಿಮಿಷ ಬಿಸಿಲಿಗಿಟ್ಟರೆ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಉಳಿಗಳು ಮೂರು ಸಾಕು: ಗೆರೆಗೆ ಒಂದು ‘ವಿ’ ಆಕಾರದ್ದು, 2 ಮಿ.ಮೀ. ಮತ್ತು 8 ಮಿ.ಮೀ. ಅಗಲದ ಎರಡು ‘ಯು’ ಆಕಾರದವು. ಹತ್ತು ಉಳಿಗಳ ಅಗ್ಗದ ಪೆಟ್ಟಿಗೆಗಿಂತ ಒಳ್ಳೆಯ ಮೂರು ಮೇಲು. ಮೊಂಡಾದ ಉಳಿಗೆ ಹೆಚ್ಚು ಬಲ ಹಾಕುತ್ತೀಯ, ಆಗಲೇ ಅದು ಜಾರಿ ಎಡಗೈಗೆ ನಾಟುವುದು. ಅರ್ಧ ಗಂಟೆಗೊಮ್ಮೆ ತೊಗಲಿನ ಪಟ್ಟಿಯ ಮೇಲೆ ಹೊಳಪು ಪೇಸ್ಟ್ ಸವರಿ ಆರೆಂಟು ಸಲ ಹಿಮ್ಮುಖವಾಗಿ ಎಳೆ.

ಶಾಯಿ ಹಿಡಿಯುವುದು ಕೆತ್ತದೆ ಉಬ್ಬಿ ಉಳಿದ ಭಾಗ. ಕೆತ್ತುವಾಗ ಆ ಉಬ್ಬು ಗೆರೆಯ ಎರಡೂ ಪಕ್ಕದ ಗೋಡೆಗಳು ಹೊರಕ್ಕೆ ಇಳಿಜಾರಾಗಿರಬೇಕು, ಕೆರೆಯ ಏರಿಯ ಹಾಗೆ. ಒಳಕ್ಕೆ ಕೊರೆದರೆ ಬುಡ ಸಣ್ಣದಾಗಿ, ಹತ್ತನೆಯ ಅಚ್ಚಿನ ಹೊತ್ತಿಗೆ ಗೆರೆ ಮುರಿದು ಬೀಳುತ್ತದೆ. ಆಗ ಹತ್ತಕ್ಕೂ ಹನ್ನೊಂದಕ್ಕೂ ತಾಳೆಯಾಗುವುದಿಲ್ಲ. ಬಾಗಿದ ಗೆರೆ ಬಂದಾಗ ಉಳಿ ತಿರುಗಿಸಬೇಡ, ಹಲಗೆಯನ್ನು ತಿರುಗಿಸು. ಕನ್ನಡ ಅಕ್ಷರ ಕೆತ್ತುವವರಿಗೆ ಇದು ಬಹಳ ಮುಖ್ಯ. ನಮ್ಮ ಲಿಪಿಯೆಲ್ಲ ಸುತ್ತು, ಹೊಟ್ಟೆ, ತಲೆಕಟ್ಟು. ‘ಖ’ ಅಥವಾ ‘ಈ’ ಕೆತ್ತುವಾಗ ಉಳಿ ನಿಂತಲ್ಲೇ ನಿಂತಿರುತ್ತದೆ, ಹಲಗೆ ಸುತ್ತುತ್ತಿರುತ್ತದೆ. ಒತ್ತಕ್ಷರದ ಒಳಗಿನ ಕಿಂಡಿ 1 ಮಿ.ಮೀ.ಗಿಂತ ಸಣ್ಣದಾದರೆ ಶಾಯಿ ತುಂಬಿ ಮುಚ್ಚಿಹೋಗುತ್ತದೆ. ಆದ್ದರಿಂದ ಮೂಲ ಬರಹದಲ್ಲೇ ಒತ್ತಕ್ಷರವನ್ನು ಸ್ವಲ್ಪ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆ. ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು ಎಂಬುದನ್ನು ಮರೆಯಬೇಡ. ಟ್ರೇಸಿಂಗ್ ಹಾಳೆಯಲ್ಲಿ ನೇರವಾಗಿ ಬರೆದು, ಮಗುಚಿ, ಕಾರ್ಬನ್ ಇಟ್ಟು ತಿದ್ದು. ಆಮೇಲೆ ಹಲಗೆಯನ್ನು ಕನ್ನಡಿಯ ಮುಂದೆ ಹಿಡಿದು ಗಟ್ಟಿಯಾಗಿ ಓದಿ ನೋಡು. ಕಣ್ಣು ಸುಳ್ಳು ಹೇಳಬಹುದು, ಓದಿದ ದನಿ ತಡವರಿಸಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಈಗ ಕಾಗದ. 56×76 ಸೆಂ.ಮೀ.ನ ಒಂದು ಪೂರ್ತಿ ಹಾಳೆಯನ್ನು ನಾಲ್ಕು ಮಾಡಿದರೆ 28×38ರ ನಾಲ್ಕು ತುಂಡು. ಇಪ್ಪತ್ತರ ಆವೃತ್ತಿಗೆ 20, ಲೆಕ್ಕದ ಹೊರಗೆ ನೀನೇ ಇಟ್ಟುಕೊಳ್ಳುವ ಕಲಾವಿದನ ಪ್ರತಿ 2, ಅಳತೆಗೋಲಾಗಿ ಎದುರಿಗಿಟ್ಟುಕೊಳ್ಳುವ ಮಾದರಿ ಪ್ರತಿ 1, ಕೆಡುವುದಕ್ಕೆ 5. ಒಟ್ಟು 28, ಅಂದರೆ 7 ಹಾಳೆ. ಏಳನ್ನೂ ಒಂದೇ ದಿನ, ಒಂದೇ ಕಟ್ಟಿನಿಂದ ಕೊಳ್ಳು. ಮುಂದಿನ ತಿಂಗಳ ಕಟ್ಟಿನ ಬಿಳುಪೇ ಬೇರೆ ಇರಬಹುದು. ಕತ್ತರಿ ಹಾಕದೆ ಉಕ್ಕಿನ ಪಟ್ಟಿ ಇಟ್ಟು ಹರಿ, ಅಂಚು ಮೆತ್ತಗೆ ಬರುತ್ತದೆ. ಹತ್ತಿ ಚಿಂದಿಯ ಕೈಕಾಗದ ಚೆಂದವೇ, ಆದರೆ ಒರಟು ಮೈಯ ಕಾಗದ, ಪ್ರೆಸ್ಸಿನ ಬದಲು ನಾವು ಉಜ್ಜುವ ಮರದ ಚಮಚದ ಒತ್ತಿಗೆ ಜಗ್ಗುವುದಿಲ್ಲ, ನಡುನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ಕೈಯಲ್ಲಿ ಉಜ್ಜುವುದಾದರೆ ಚದರ ಮೀಟರಿಗೆ 40ರಿಂದ 60 ಗ್ರಾಂ ತೂಗುವ, ಅಂದರೆ 40ರಿಂದ 60 ಜಿಎಸ್‌ಎಂನ, ಉದ್ದ ನಾರಿನ, ನಯವಾದ ಕಾಗದ ಹುಡುಕು. 200 ದಾಟಿದ್ದೆಲ್ಲ ಪ್ರೆಸ್ಸಿಗೆ.

ಶಾಯಿಯಲ್ಲೇ ಹೆಚ್ಚಿನವರು ಸೋಲುವುದು. ಎಣ್ಣೆ ಶಾಯಿಯನ್ನು ಗಾಜಿನ ಮೇಲೆ ಕಡಲೆಕಾಳು ಗಾತ್ರದಷ್ಟು ಹಾಕಿ ರೋಲರಿನಿಂದ ಹರಡು. ನೋಡುವುದಕ್ಕಿಂತ ಕೇಳು. ಪಚಪಚ ಎಂದರೆ ಶಾಯಿ ಹೆಚ್ಚು, ಸದ್ದೇ ಇಲ್ಲದಿದ್ದರೆ ಕಡಿಮೆ, ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ಸಣ್ಣಗೆ ಚುರ್ ಎಂದರೆ ಸರಿ. ಹಲಗೆಗೆ ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳ್ಳಗೆ ನಾಲ್ಕು ಸಲ, ಪ್ರತಿ ಸಲ ದಿಕ್ಕು ಬದಲಿಸಿ. ಹೊಸ ಹಲಗೆ ಮೊದಲ ಮೂರು ನಾಲ್ಕು ಅಚ್ಚಿನವರೆಗೆ ಶಾಯಿ ಕುಡಿಯುತ್ತದೆ, ಅವು ಮಂಕಾಗಿಯೇ ಬರುತ್ತವೆ. ಕೆಡಲೆಂದು ಇಟ್ಟ ಐದರಲ್ಲಿ ಅವನ್ನು ಕಳೆ. ಶಾಯಿ ಅಂಟಂಟಾಗಿ ಕಾಗದದ ನಾರನ್ನೇ ಕಿತ್ತರೆ ಎರಡು ಹನಿ ಅಗಸೆ ಎಣ್ಣೆ. ನೀರಾಗಿ ಹರಿದರೆ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್. ಕೆತ್ತಿ ತೆಗೆದ ಜಾಗದ ಉಳಿಗುರುತುಗಳು ಅಚ್ಚಿನಲ್ಲಿ ಮೂಡಿದರೆ ಅಲ್ಲಿ ಆಳ ಸಾಲದು ಎಂದರ್ಥ. ಕೆಲವು ಗುರುತು ಚೆಂದ ಕಾಣುತ್ತವೆ. ಅವನ್ನು ಉಳಿಸುವುದಾದರೆ ಇಪ್ಪತ್ತರಲ್ಲೂ ಉಳಿಸಬೇಕು.

ಕಾಗದ ಇಟ್ಟ ಮೇಲೆ ಮರದ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸಣ್ಣ ಸುತ್ತು ಹಾಕುತ್ತಾ ಉಜ್ಜು. ಒಂದು ಮೂಲೆ ಎತ್ತಿ ನೋಡು, ಸಾಲದಿದ್ದರೆ ಇಳಿಸಿ ಮತ್ತೆ ಉಜ್ಜು. ಪೂರ್ತಿ ಎತ್ತಿದ ಮೇಲೆ ಅದನ್ನು ಅದೇ ಜಾಗಕ್ಕೆ ತರಲಾಗದು.

ಒಂದೇ ಹಲಗೆಯನ್ನು ಹಂತಹಂತವಾಗಿ ಕೆತ್ತುತ್ತಾ ಬಣ್ಣದ ಮೇಲೆ ಬಣ್ಣ ಹಾಕುವ ಕ್ರಮ ನಿನಗೆ ಇಷ್ಟವೆಂದು ಗೊತ್ತು. ಅದಕ್ಕೆ ಹಿಂದಕ್ಕೆ ದಾರಿಯಿಲ್ಲ. ಎರಡನೆಯ ಬಣ್ಣಕ್ಕೆ ಕೆತ್ತಿದ ಕ್ಷಣ ಮೊದಲ ಬಣ್ಣದ ಹಲಗೆ ಇಲ್ಲವಾಗುತ್ತದೆ, ಹಾಗಾಗಿ 28 ಪ್ರತಿಯೂ ಪ್ರತಿ ಹಂತವನ್ನು ಒಟ್ಟಿಗೇ ದಾಟಬೇಕು. ಮೂರು ಬಣ್ಣವೆಂದರೆ 84 ಅಚ್ಚು; ಕೈಯಲ್ಲಿ ಒಂದಕ್ಕೆ 10 ನಿಮಿಷ ಹಿಡಿದರೂ 14 ಗಂಟೆ. ತಿಳಿ ಬಣ್ಣ ಮೊದಲು, ಗಾಢವಾದದ್ದು ಕೊನೆಗೆ. ಬಣ್ಣಗಳು ಜರುಗುವುದಕ್ಕೆ ಮುಖ್ಯ ಕಾರಣ ಕೈಯ ತಪ್ಪಿಗಿಂತ ಗಾಳಿಯ ತೇವ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಧಾರವಾಡದಲ್ಲಿ ಮಾರ್ಚ್‌ನಲ್ಲಿ ಹಾಕಿದ ಹಳದಿಯ ಮೇಲೆ ಜುಲೈನಲ್ಲಿ ಕೆಂಪು ಹಾಕಲು ಹೋದರೆ ಕೂಡುವುದಿಲ್ಲ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ಸುತ್ತಿಡು, ಎರಡು ವಾರದೊಳಗೆ ಮುಂದಿನ ಬಣ್ಣ ಮುಗಿಸು. ಪ್ರತಿ ಬಣ್ಣವೂ ಅದೇ ಜಾಗಕ್ಕೆ ಬೀಳುವಂತೆ, ಹಲಗೆ ಕೂರುವ ಮೂಲೆಗೆ ದಪ್ಪ ರಟ್ಟಿನ ಎಲ್ ಆಕಾರದ ಪಟ್ಟಿ ಅಂಟಿಸಿ, ಕಾಗದದ ತಲೆಗೆ ಎರಡು ಗೂಟ ನಿಲ್ಲಿಸಿಕೋ.

ಅಗಸೆ ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡ. ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಕೂಡುವುದು, ಕೂಡುವಾಗ ಕಾವು ಹುಟ್ಟುತ್ತದೆ. ಮುದ್ದೆಯಲ್ಲಿ ಕಾವು ಹೊರಹೋಗಲು ದಾರಿಯಿಲ್ಲದೆ, ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ಸುತ್ತ ಕಾಗದ ತುಂಬಿದ ಕೋಣೆ ಅದು. ಚಿಂದಿಯನ್ನು ಒಂದೊಂದಾಗಿ ಬಿಡಿಸಿ ಹೊರಗೆ ಹರವು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕು. ರೋಲರ್, ಗಾಜು ಒರೆಸಲು ಅಡುಗೆ ಎಣ್ಣೆ ಮತ್ತು ಸೋಪು ಸಾಕು. ಸೀಮೆಎಣ್ಣೆಗೆ ರೋಲರಿನ ರಬ್ಬರು ಉಬ್ಬುತ್ತದೆ.

ಪಾಠ ಹೇಳುವುದು ಆದಾಯಕ್ಕಷ್ಟೇ ಎಂದು ಬರೆದಿದ್ದೀಯ. ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಒಂದು ಸಲ ಸರಿಯಾಗಿ ಕಲಿಸಿದರೆ ನಿನ್ನ ಕೈಕೆಲಸದಲ್ಲಿ ಯಾವುದು ಅಭ್ಯಾಸ, ಯಾವುದು ಕಾರಣ ಎಂಬುದು ನಿನಗೇ ಬಿಡಿಸಿ ಕಾಣುತ್ತದೆ. ಹತ್ತು ವರ್ಷದೊಳಗಿನವರಿಗೆ ಉಳಿ ಬೇಡ; ಅಡ್ಡ ಕೊಯ್ದ ಬೆಂಡೆಕಾಯಿ, ಕೊರೆದ ಆಲೂಗಡ್ಡೆ, ಪೆನ್ಸಿಲ್ ಒತ್ತಿದ ಥರ್ಮೋಕೋಲ್ ತಟ್ಟೆ ಸಾಕು. ದೊಡ್ಡವರಿಗೆ 10×15 ಸೆಂ.ಮೀ.ನ ತುಂಡು, ಎರಡೂವರೆ ಗಂಟೆ, ಎಂಟು ಮಂದಿಗೆ ಒಬ್ಬ ಮೇಲ್ವಿಚಾರಕ. ಪ್ರತಿಯೊಬ್ಬರಿಗೂ ಹಲಗೆ ಜಾರದ ತಡೆಮಣೆ ಬೇಕು: 25×30ರ ಪ್ಲೈವುಡ್ ತುಂಡಿಗೆ ಮೇಲಂಚಿನಲ್ಲಿ ಒಂದು, ಕೆಳಮುಖದ ಎದುರಂಚಿನಲ್ಲಿ ಒಂದು ರೀಪು ಹೊಡೆದರೆ ಆಯಿತು. ಕೆಳಗಿನ ರೀಪು ಮೇಜಿಗೆ ಆತುಕೊಳ್ಳುತ್ತದೆ, ಮೇಲಿನದಕ್ಕೆ ಲಿನೋ ಆತುಕೊಳ್ಳುತ್ತದೆ. ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ. ಎಡಗೈಯವರು ಯಾರೆಂದು ಮೊದಲೇ ಕೇಳಿ ಸಾಲಿನಲ್ಲಿ ಅವರ ಎಡತುದಿಗೆ ಕೂರಿಸು. ಶಾಯಿಯ ಮೇಜು ಬೇರೆ, ಕಾಗದದ ಮೇಜು ಬೇರೆ. ಇದೊಂದನ್ನು ಮರೆತರೆ ಕೊನೆಗೆ ಎಲ್ಲ ಅಚ್ಚಿನ ಅಂಚಿನಲ್ಲೂ ಹೆಬ್ಬೆಟ್ಟು. ಮಕ್ಕಳು ಹೆಸರನ್ನು ನೇರವಾಗಿಯೇ ಕೆತ್ತುತ್ತಾರೆ, ತಡೆಯಬೇಡ. ತಿರುಗಿ ಬಂದ ‘ರ’ವನ್ನು ನೋಡಿ ಅವರೇ ಕೇಳುವ ಪ್ರಶ್ನೆಗೆ ಉತ್ತರವಾಗಿ ಕನ್ನಡಿಯ ಪಾಠ ಬರಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿ. ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳೂ ಕಲ್ಲಿನ ಮೇಲೆ ತಿರುಗಿಯೇ ಕೂತಿದ್ದವು ಎಂದರೆ ಅವರ ಕಣ್ಣು ಅರಳುತ್ತದೆ.

ಪ್ರದರ್ಶನದಲ್ಲಿ ನಿನ್ನನ್ನು ನೋಯಿಸುವ ಪ್ರಶ್ನೆ ಒಂದೇ: ಇದು ಜೆರಾಕ್ಸಾ? ಕೇಳುವವರ ತಪ್ಪಲ್ಲ. ಬೆಂಗಳೂರಿನ ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಕ್ಯಾನ್ವಾಸ್ ನೋಡುತ್ತಾ ಬಂದವರಿಗೆ ‘ಇಪ್ಪತ್ತರಲ್ಲಿ ಮೂರನೆಯದು’ ಎಂಬುದು ಹೊಸ ಮಾತು. ಕೆತ್ತಿದ ಹಲಗೆಯನ್ನೇ ಪಕ್ಕದಲ್ಲಿಡು, ಬೆರಳಾಡಿಸಲು ಬಿಡು, ಒಂದು ಭೂತಗನ್ನಡಿಯನ್ನೂ ಇಡು. ರಸ್ತೆಯ ಬಿಸಿಲಿಗೆ ಗಾಜಿನ ಚೌಕಟ್ಟು ಒಗ್ಗುವುದಿಲ್ಲ, ಹೊಳಪಿನಲ್ಲಿ ಚಿತ್ರವೇ ಕಾಣದು. ಗಟ್ಟಿ ರಟ್ಟಿನ ಬೆನ್ನು ಕೊಟ್ಟು ಪಾರದರ್ಶಕ ಲಕೋಟೆಯಲ್ಲಿ ಇಟ್ಟರೆ ಜನ ಕೈಗೆತ್ತಿಕೊಂಡು ನೋಡುತ್ತಾರೆ.

ಗ್ಯಾಲರಿಗಾದರೆ ಚೌಕಟ್ಟು ಬೇಕು, ಅಲ್ಲಿ ಜಿಪುಣತನ ಮಾಡಬೇಡ. ಅಚ್ಚಿಗೂ ಗಾಜಿಗೂ ನಡುವೆ, ನಡುವನ್ನು ಕಿಟಕಿಯಂತೆ ಕತ್ತರಿಸಿದ ಆಮ್ಲರಹಿತ ರಟ್ಟು ಇರಲಿ. ಅಚ್ಚು ಗಾಜಿಗೆ ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಕಾಗದವನ್ನು ಮೇಲಂಚಿನ ಎರಡೇ ಕಡೆ, ತೆಳು ಕಾಗದದ ಪಟ್ಟಿ ಮತ್ತು ಗೋಧಿ ಗಂಜಿಯಿಂದ ತೂಗುಬಿಡು. ಸೆಲೋಟೇಪ್ ಐದಾರು ವರ್ಷದಲ್ಲಿ ಕಂದು ಕಲೆ ಬಿಡುತ್ತದೆ, ಅದು ಹೋಗುವುದಿಲ್ಲ. ಮಲೆನಾಡು, ಕರಾವಳಿಗೆ ಹೋಗುವ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡಿ ಬೂಷ್ಟು ಕಡಿಮೆ. ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಕಾಗದದ ಕೃತಿಗಳಿಗೆ ಸಂಗ್ರಹಾಲಯಗಳು ಇಟ್ಟುಕೊಂಡ ಬೆಳಕಿನ ಮಿತಿ 50 ಲಕ್ಸ್. ದೀಪದವರು ಇನ್ನೊಂದು ಹಾಕೋಣ ಎಂದರೆ ಬೇಡ ಎನ್ನು. ಬೆಲೆ ಕಟ್ಟುವ ಮೊದಲು ಗ್ಯಾಲರಿಯ ಪಾಲು ಎಷ್ಟೆಂದು ಬರಹದಲ್ಲಿ ಕೇಳು. ಸಂತೆಯಲ್ಲಿ ಒಂದು ದರ, ಗ್ಯಾಲರಿಯಲ್ಲಿ ಇನ್ನೊಂದು ಎಂದು ಮಾರಬೇಡ, ಮೊದಲು ಕೊಂಡವರಿಗೆ ಮೋಸವಾಗುತ್ತದೆ.

ಕೂಡಿ ಮಾಡುವ ಕೆಲಸ ಈ ಕಲೆಯ ಗುಣದಲ್ಲೇ ಇದೆ. ಭಾರತೀಯ ಮುದ್ರಣ ಕಲಾವಿದ ಕೃಷ್ಣಾ ರೆಡ್ಡಿಯವರು ಒಂದೇ ತಗಡಿನಲ್ಲಿ ಬೇರೆಬೇರೆ ಸ್ನಿಗ್ಧತೆಯ, ಅಂದರೆ ಕೆಲವು ಗಟ್ಟಿ, ಕೆಲವು ತೆಳು ಶಾಯಿಗಳಿಂದ ಹಲವು ಬಣ್ಣ ತೆಗೆಯುವ ಕ್ರಮವನ್ನು ಬೆಳೆಸಿದ್ದು ಪ್ಯಾರಿಸ್ಸಿನ ಅಟೆಲಿಯೆ 17ರಲ್ಲಿ, ಹಲವು ಕಲಾವಿದರು ಪ್ರೆಸ್ಸು ಹಂಚಿಕೊಂಡು ದುಡಿಯುತ್ತಿದ್ದ ಜಾಗದಲ್ಲಿ. ನಿನಗೆ ಮೊದಲಿಗೆ ಒಳ್ಳೆಯದು ವಿನಿಮಯ ಸಂಪುಟ. 12 ಮಂದಿ, ಒಂದೇ ಅಳತೆಯ ಕಾಗದ, ತಲಾ 14 ಅಚ್ಚು. ಪ್ರತಿಯೊಬ್ಬರಿಗೂ 12ರ ಒಂದೊಂದು ಕಟ್ಟು, ಒಂದು ಪ್ರದರ್ಶನಕ್ಕೆ, ಇನ್ನೊಂದು ಸಂಗ್ರಹಕ್ಕೆ. ಇಂಥದ್ದು ಕೆಡುವುದು ಒಬ್ಬರು ಒದ್ದೆ ಅಚ್ಚು ಕಳಿಸಿದಾಗ. ಮೇಲಿನದರ ಬೆನ್ನೆಲ್ಲ ಕಪ್ಪು. ಕೊನೆಯ ದಿನಾಂಕಕ್ಕಿಂತ ಹತ್ತು ದಿನ ಮೊದಲೇ ಅಚ್ಚು ಹಾಕಿ ಮುಗಿಸಬೇಕೆಂದು ಬರೆದುಕೊಳ್ಳಿ.

ಕವಿಯೊಬ್ಬರ ಜೊತೆ ಅಚ್ಚುಮೊಳೆಯಲ್ಲಿ ಕವಿತೆ, ಪಕ್ಕದಲ್ಲಿ ನಿನ್ನ ಲಿನೋ ಎಂಬ ಯೋಚನೆ ಬಹಳ ಹಿಡಿಸಿತು. ಮೊಳೆಯ ಎತ್ತರ ಸುಮಾರು 23.3 ಮಿ.ಮೀ. ನಿನ್ನ ಲಿನೋ 3.2, ಕೆಳಗೆ 19ರ ಪ್ಲೈವುಡ್, ಉಳಿದ 1.1ಕ್ಕೆ ರಟ್ಟು, ಅದನ್ನೂ ಒಂದೇ ಸಲ ತುಂಬದೆ ತೆಳು ಹಾಳೆಗಳಲ್ಲಿ ಏರಿಸುತ್ತಾ ಪ್ರೂಫ್ ತೆಗೆ. ಹಲಗೆ ಕೂದಲೆಳೆ ಎತ್ತರವಾದರೂ ಅದರ ಪಕ್ಕದ ಅಕ್ಷರಗಳು ಮಂಕಾಗುತ್ತವೆ. ಎಷ್ಟು ಪ್ರತಿ, ಹಲಗೆ ಯಾರ ಬಳಿ ಉಳಿಯುತ್ತದೆ, ಯಾರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮೊಳೆ ಜೋಡಿಸಿದವರ ಹೆಸರನ್ನು ಬಿಡಬೇಡ.

ಆವೃತ್ತಿ ಮುಗಿದ ದಿನವೇ ಸಂಖ್ಯೆ ಎಡಕ್ಕೆ, ಕೃತಿಯ ಹೆಸರು ನಡುವೆ, ಸಹಿ ಬಲಕ್ಕೆ, ಎಲ್ಲವೂ ಪೆನ್ಸಿಲ್ಲಿನಲ್ಲಿ. ಪೆನ್ನಿನ ಶಾಯಿ ಮಾಸುತ್ತದೆ, ಹರಡುತ್ತದೆ. ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಪ್ರತಿಯೊಂದು ಸಂಖ್ಯೆಗೂ ಒಂದು ಸಾಲು: ಯಾರಿಗೆ, ಯಾವಾಗ, ಎಷ್ಟಕ್ಕೆ. ಆಮೇಲೆ ಹಲಗೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ರದ್ದು ಮಾಡು. ಕೈ ನಡುಗುತ್ತದೆ, ಆದರೂ ಎಳೆ.

ಮೊದಲ ಪ್ರೂಫ್ ಬಂದಾಗ, ಚೆನ್ನಾಗಿರಲಿ ಬಿಡಲಿ, ನನಗೊಂದು ಕಳಿಸು. ಈ ಮಳೆಯಲ್ಲಾದರೆ ಒಂದು ವಾರ ಒಣಗಲು ಬಿಡು. ಮೇಲೆ ಗ್ಲಾಸಿನ್ ಎಂಬ ನಯವಾದ, ಅರೆಪಾರದರ್ಶಕ ಹಾಳೆ ಇಟ್ಟು, ಎರಡು ಸುಕ್ಕು ರಟ್ಟುಗಳ ಗೀರು ಒಂದು ಅಡ್ಡ, ಒಂದು ಉದ್ದ ಬರುವಂತೆ ಜೋಡಿಸಿ ನಡುವೆ ಸೇರಿಸು. ಆಗ ಅಂಚೆಯಲ್ಲಿ ಯಾವ ಕಡೆಗೂ ಮಡಚಿಕೊಳ್ಳುವುದಿಲ್ಲ.

ನಿನ್ನ,
ಗೆಳೆಯ