ಭಾನುವಾರದ ಮಾತುಕತೆ: ಬಾಹ್ಯಾಕಾಶ ಪ್ರಶಸ್ತಿಗಳು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6:30ಕ್ಕೆ ಗುಂಪಿನ ವಿಡಿಯೊ ಕರೆ ಇದೆ. ವಿಷಯ, ಬಾಹ್ಯಾಕಾಶ ಅನ್ವೇಷಣೆಗೂ ಅಲ್ಲಿ ಮನುಷ್ಯರು ನೆಲೆಸುವ ಕನಸಿಗೂ ದುಡಿದವರಿಗೆ ಸಲ್ಲುವ ಪ್ರಶಸ್ತಿಗಳು.

ಅಮೆರಿಕದ ನ್ಯಾಷನಲ್ ಸ್ಪೇಸ್ ಸೊಸೈಟಿಯಿಂದ ಶುರು ಮಾಡೋಣ. ಎರಡು ಸಂಘಗಳು 1987ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆ ಇದು. ಅದರಲ್ಲೊಂದಾದ ಎಲ್5 ಸೊಸೈಟಿ, ಬಾಹ್ಯಾಕಾಶದಲ್ಲಿ ತಿರುಗುವ ಬೃಹತ್ ಸಿಲಿಂಡರುಗಳೊಳಗೆ ಊರು ಕಟ್ಟಬಹುದೆಂದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಅವರ ವಿಚಾರದಿಂದ ಬೆಳೆದದ್ದು. ಈ ಸಂಸ್ಥೆಯ ಫಾನ್ ಬ್ರೌನ್ ಪ್ರಶಸ್ತಿ 2013ರಲ್ಲಿ ಅಬ್ದುಲ್ ಕಲಾಂ ಅವರಿಗೆ, ಸ್ಪೇಸ್ ಪಯನಿಯರ್ ಪ್ರಶಸ್ತಿ 2015ರಲ್ಲಿ ಇಸ್ರೋದ ಮಂಗಳಯಾನ ತಂಡಕ್ಕೆ ಬಂತು. ಒಬ್ಬ ವ್ಯಕ್ತಿಗಲ್ಲ, ಇಡೀ ತಂಡಕ್ಕೆ ಎಂಬುದು ನನಗೆ ತುಂಬ ಹಿಡಿಸಿತು. ಮೊದಲ ಯತ್ನದಲ್ಲೇ ಮಂಗಳನ ಕಕ್ಷೆ ಸೇರಿದ್ದು ಒಬ್ಬರ ಕೆಲಸವಲ್ಲವಲ್ಲ!

ನಿಮ್ಮಿಂದ ಬೇಕಾದದ್ದು ಇಷ್ಟೇ. ಗೌರವಕ್ಕೆ ಅರ್ಹರೆಂದು ನಿಮಗನಿಸುವ ಒಬ್ಬರ ಅಥವಾ ಒಂದು ತಂಡದ ಹೆಸರು, ಅವರು ಮಾಡಿದ ಕೆಲಸ, ಅದರ ವರ್ಷ, ಮೂರನ್ನೂ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಫಾರ್ವರ್ಡ್ ಸಂದೇಶ ಬೇಡ, ನಿಮ್ಮದೇ ಎರಡು ಸಾಲು ಸಾಕು. ಗಗನಯಾತ್ರಿಗಳೇ ಆಗಬೇಕೆಂದಿಲ್ಲ, ಎಂಜಿನ್ ರೂಪಿಸಿದವರು, ಉಡುಪು ಹೊಲಿದವರು, ಮಕ್ಕಳಿಗೆ ಆಕಾಶ ತೋರಿಸಿದವರೂ ಬರಲಿ.

ಹೊಸ ಸದಸ್ಯರು ದಯವಿಟ್ಟು ಹಿಂಜರಿಯಬೇಡಿ. ಬರುವವರು ‘ಬರುತ್ತೇನೆ’ ಎಂದು ಉತ್ತರಿಸಿ. ಕರೆಯ ಕೊಂಡಿಯನ್ನು ಭಾನುವಾರ ಮಧ್ಯಾಹ್ನ ಹಾಕುತ್ತೇನೆ.